ಅಲಂಗ್: ಕಬ್ಬಿಣ ಬಿಚ್ಚುವವರ ಕಡಲತೀರ

ಹಡಗಿನ ಕ್ಯಾಪ್ಟನ್ ಆದವನು ವೃತ್ತಿಯುದ್ದಕ್ಕೂ ಯಾವುದು ಆಗಬಾರದೆಂದು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾನೋ ಅದನ್ನೇ ಅಲಂಗ್‌ನಲ್ಲಿ ಬೇಕೆಂದೇ ಮಾಡಬೇಕು. ಹುಣ್ಣಿಮೆಯೋ ಅಮಾವಾಸ್ಯೆಯೋ ಹತ್ತಿರವಿರುವ ದಿನ, ಭರತದ ನೀರು ತುತ್ತತುದಿಗೆ ಏರಿದ ಹೊತ್ತು ನೋಡಿ, ಹಡಗಿನ ಮೂತಿಯನ್ನು ದಡಕ್ಕೆ ತಿರುಗಿಸಿ, ಎಂಜಿನ್ನಿಗೆ ಪೂರ್ತಿ ವೇಗ ಕೊಟ್ಟು ನುಗ್ಗಿಸಬೇಕು. ಯಾವ ಪ್ಲಾಟಿಗೆ ಬರಬೇಕೆಂದು ತೋರಿಸಲು ದಡದಲ್ಲಿ ಗುರುತು ನೆಟ್ಟಿರುತ್ತಾರೆ. ತಳ ಕೆಸರಿಗೆ ತಾಗುತ್ತದೆ, ಹಡಗು ಉಜ್ಜಿಕೊಂಡೇ ಇನ್ನಷ್ಟು ಮುಂದೆ ಬಂದು ನಿಂತುಬಿಡುತ್ತದೆ. ಇಳಿತ ಶುರುವಾದರೆ ಸಮುದ್ರವೇ ಹಿಂದಕ್ಕೆ ಸರಿದು, ಹತ್ತು ಮಹಡಿ ಕಟ್ಟಡದಷ್ಟು ಎತ್ತರದ ಉಕ್ಕಿನ ಗೋಡೆ ಕೆಸರಿನ ಮೇಲೆ ಉಳಿಯುತ್ತದೆ. ಮಾರಿದವನು ಕಾಗದಕ್ಕೆ ಸಹಿ ಹಾಕಿ ಹೊರಟನೆಂದರೆ ಮುಂದಿನದೆಲ್ಲ ಕೆಲಸಗಾರರ ಮೇಸ್ತ್ರಿಯಾದ ಮುಕಾದಮನದು.

ಗುಜರಾತಿನ ಭಾವನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿರುವ ಈ ತೀರದಲ್ಲಿ ಹಡಗು ಒಡೆಯುವ ಕೆಲಸ ಆರಂಭವಾದದ್ದು 1983ರಲ್ಲಿ. ಬಂದರು ಕಟ್ಟಲು ಯೋಗ್ಯವಲ್ಲದ ಜಾಗವೇ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಖಂಬಾತ್ ಕೊಲ್ಲಿ ಒಳಕ್ಕೆ ಹೋದಂತೆ ಕಿರಿದಾಗುವುದರಿಂದ ಅಲ್ಲಿ ಉಬ್ಬರದ ನೀರು ಮೇಲೆದ್ದು ಬರುತ್ತದೆ. ಭರತ ಮತ್ತು ಇಳಿತಗಳ ನಡುವಿನ ಅಂತರ ಹತ್ತು ಮೀಟರ್ ದಾಟುವುದುಂಟು. ನಮ್ಮ ಮಂಗಳೂರು, ಕಾರವಾರದ ಕಡೆ ಅದು ಎರಡು ಮೀಟರಿನ ಆಸುಪಾಸು. ಕರ್ನಾಟಕದ ಕರಾವಳಿಯಲ್ಲಿ ಅಲಂಗ್‌ನಂಥದ್ದು ಯಾಕಿಲ್ಲ ಎಂದು ಕೇಳುವವರಿಗೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಉಳಿದರ್ಧ ಅಲಂಗ್‌ನ ನೆಲದಲ್ಲಿದೆ: ನಿಧಾನವಾಗಿ ಇಳಿಯುವ ಇಳಿಜಾರು, ಮೇಲೆ ಕೆಸರು, ಅಡಿಯಲ್ಲಿ ಗಟ್ಟಿ ತಳ. ಡ್ರೈ ಡಾಕ್ ಇಲ್ಲ, ಧಕ್ಕೆ ಇಲ್ಲ. ಹತ್ತಾರು ಸಾವಿರ ಟನ್ ತೂಕವನ್ನು ದಡಕ್ಕೆ ಎತ್ತುವ ಕೂಲಿಯನ್ನು ಚಂದ್ರನಿಂದಲೇ ಪುಕ್ಕಟೆ ಮಾಡಿಸಿಕೊಳ್ಳುತ್ತಾರೆ.

ಹಡಗಿನ ಆಯುಸ್ಸು ಸಾಮಾನ್ಯವಾಗಿ 25ರಿಂದ 30 ವರ್ಷ. ಐದು ವರ್ಷಕ್ಕೊಮ್ಮೆ ಅದು ದೊಡ್ಡ ತಪಾಸಣೆ ದಾಟಬೇಕು. ವಯಸ್ಸಾದ ಹಡಗಿಗೆ ಆ ತಪಾಸಣೆ ಹತ್ತಿರ ಬಂದಾಗ ಮಾಲೀಕ ರಿಪೇರಿ ಖರ್ಚನ್ನೂ ಗುಜರಿ ದರವನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾನೆ. ಈ ಪೇಟೆಯಲ್ಲಿ ಹಡಗು ಎಷ್ಟು ಸರಕು ಹೊರುತ್ತಿತ್ತು ಎಂಬುದಕ್ಕೆ ಬೆಲೆಯಿಲ್ಲ. ಸರಕು, ಇಂಧನ, ನೀರು ಎಲ್ಲ ಕಳೆದು ಬರಿ ಹಡಗಿನ ತೂಕವೆಷ್ಟೋ ಅಷ್ಟಕ್ಕೆ, ಟನ್ನಿಗಿಷ್ಟು ಡಾಲರ್ ಎಂದು ವ್ಯಾಪಾರ. ಮಾಲೀಕ ಮತ್ತು ಯಾರ್ಡಿನ ನಡುವೆ ಒಬ್ಬ ನಗದು ಖರೀದಿದಾರ ಬರುತ್ತಾನೆ. ಎಷ್ಟೋ ಸಲ ಕೊನೆಯ ಪ್ರಯಾಣಕ್ಕೆಂದೇ ಹಡಗು ಕೊಮೊರೊಸ್ ಅಥವಾ ಪಲಾವ್‌ನಂಥ ಪುಟ್ಟ ದ್ವೀಪರಾಷ್ಟ್ರದ ಬಾವುಟ ಏರಿಸಿಕೊಳ್ಳುತ್ತದೆ. ಹೆಸರೂ ಬದಲಾಗುತ್ತದೆ. ಹೊಸದಾಗಿ ಬರೆಯುವ ತಾಪತ್ರಯ ಯಾಕೆಂದು ಹಳೆಯ ಹೆಸರಿನ ಕೆಲವು ಅಕ್ಷರಗಳಿಗೆ ಬಣ್ಣ ಬಳಿದು, ಉಳಿದದ್ದನ್ನೇ ಹೆಸರೆಂದು ಕರೆಯುವುದೂ ಇದೆ. ತಾವು ಕಟ್ಟಿಸಿದ ಹಡಗಿನ ಸಾವು ತಮ್ಮ ಲೆಕ್ಕಕ್ಕೆ ಬರದಂತೆ ನೋಡಿಕೊಳ್ಳಲು ಯುರೋಪಿನ ಮಾಲೀಕರಿಗೆ ಇದಕ್ಕಿಂತ ಸಲೀಸಾದ ದಾರಿ ಇರಲಿಲ್ಲ.

ಹಡಗು ಕಟ್ಟುವವನ ಎದುರು ಸಾವಿರಾರು ನಕ್ಷೆಗಳಿರುತ್ತವೆ. ಬಿಚ್ಚುವವನ ಎದುರು ಹಡಗು ಮಾತ್ರ ಇರುತ್ತದೆ. ಹಲಸಿನಹಣ್ಣು ಬಿಡಿಸಿದವರಿಗೆ ಇದು ಗೊತ್ತು: ಮೊದಲ ಕೊಯ್ತ ಎಲ್ಲಿ, ಕೈಗೆ ಎಣ್ಣೆ ಯಾವಾಗ ಎಂಬುದು ತಿಳಿದಿದ್ದರೆ ಅದು ತಾನಾಗಿ ಬಿಟ್ಟುಕೊಡುತ್ತದೆ, ಇಲ್ಲದಿದ್ದರೆ ಮೈಯೆಲ್ಲ ಅಂಟು. ಅಲಂಗ್‌ನಲ್ಲಿ ಕಲಿಯಬೇಕಾದ ವಿದ್ಯೆ ಕತ್ತರಿಸುವುದಲ್ಲ, ಮುಂದೆ ಯಾವುದನ್ನು ಕತ್ತರಿಸಬೇಕು ಎಂಬುದು. ಉಳಿದ ಎಣ್ಣೆ ಮತ್ತು ಅಡಿತೊಟ್ಟಿಯ ಕೊಳಕು ನೀರು ಮೊದಲು ಹೊರಗೆ. ತೊಟ್ಟಿಗಳಲ್ಲಿ ಉರಿಯುವ ಅನಿಲ ಉಳಿದಿಲ್ಲವೆಂಬ ಪ್ರಮಾಣಪತ್ರ ಕೈಗೆ ಬರುವ ತನಕ ಬೆಂಕಿ ಹಚ್ಚುವಂತಿಲ್ಲ. ಹಾಸಿಗೆ, ಕುರ್ಚಿ, ಫ್ರಿಜ್, ಅಡುಗೆಮನೆ ಪಾತ್ರೆ ಎಲ್ಲ ಇಳಿಯುತ್ತವೆ. ಹಳೆಯ ಹಡಗುಗಳ ಕೊಳವೆಗಳಿಗೆ ಸುತ್ತಿದ ಕಲ್ನಾರನ್ನು ಬೇರೆಯಾಗಿ, ನೀರು ಚಿಮುಕಿಸಿ ತೆಗೆಯಬೇಕು. ಅದರ ಧೂಳು ಶ್ವಾಸಕೋಶ ಸೇರಿದರೆ ರೋಗ ತೋರುವುದಕ್ಕೆ ಇಪ್ಪತ್ತು ಮೂವತ್ತು ವರ್ಷ ಹಿಡಿಯುತ್ತದೆ. ಇಷ್ಟಾದ ಮೇಲೆ ಕಬ್ಬಿಣದ ಸರದಿ.

ಕತ್ತರಿಸುವುದು ದಡದ ಕಡೆಯಿಂದ, ಅಂದರೆ ಮೂತಿಯಿಂದ. ಮುಂಭಾಗ ಕಳಚಿಕೊಂಡಷ್ಟೂ ಹಡಗು ಹಗುರಾಗುತ್ತದೆ. ಮುಂದಿನ ದೊಡ್ಡ ಭರತಕ್ಕೆ ವಿಂಚಿನಿಂದ ಎಳೆದರೆ ಇನ್ನೊಂದಿಷ್ಟು ಮೇಲಕ್ಕೆ ಬರುತ್ತದೆ. ಮತ್ತೆ ಕೊಯ್ತ, ಮತ್ತೆ ಎಳೆತ. ಎಳೆಯುವ ವಿಂಚುಗಳೂ ಲಂಗರಿನ ಸರಪಳಿಗಳೂ ಹಿಂದೆ ಒಡೆದ ಹಡಗುಗಳಿಂದಲೇ ಉಳಿಸಿಕೊಂಡವು. ಒಂದು ತುಂಡು ಯಾವ ಕಡೆಗೆ ಬೀಳಬೇಕೆಂದು ಮುಕಾದಮ ಮೊದಲೇ ತೀರ್ಮಾನಿಸಿರುತ್ತಾನೆ. ಸುತ್ತಲೂ ಕೊಯ್ದು, ತುಂಡನ್ನು ಹಿಡಿದಿರಲು ಎರಡೋ ಮೂರೋ ಕಡೆ ಗೇಣುದ್ದ ಉಕ್ಕು ಬಿಟ್ಟು, ಜನರನ್ನೆಲ್ಲ ಆಚೆ ಕಳಿಸಿ, ಕೊನೆಗೆ ಅದನ್ನು ಕೊಯ್ಯುತ್ತಾರೆ. ಹಿಂದೆ ಎಲ್ಲ ಪ್ಲಾಟುಗಳಲ್ಲೂ ಹಾಗೆ ಬಿದ್ದದ್ದು ನೇರ ಕೆಸರಿಗೆ, ಬಣ್ಣ ಎಣ್ಣೆಗಳ ಸಮೇತ. ಸುಧಾರಿಸಿದ ಯಾರ್ಡುಗಳಲ್ಲಿ ಈಗ ಕ್ರೇನ್ ಅದನ್ನು ಎತ್ತಿ, ನೀರು ಇಂಗದ ಕಾಂಕ್ರೀಟ್ ನೆಲದ ಮೇಲೆ ಇಡುತ್ತದೆ. ಅಲ್ಲಿ ಎರಡನೆಯ ಸುತ್ತಿನ ಕಟಿಂಗ್, ಲಾರಿಗೆ ಹಿಡಿಸುವಷ್ಟು ಚಿಕ್ಕದಾಗಿ.

ಗ್ಯಾಸ್ ಕಟರ್ ಹಿಡಿದವನ ಕೈಯಲ್ಲಿರುವುದು ಎಲ್‌ಪಿಜಿ ಮತ್ತು ಆಕ್ಸಿಜನ್. ಉಕ್ಕು ಕರಗಿ ತುಂಡಾಗುತ್ತದೆಂದು ನೋಡಿದವರು ಅಂದುಕೊಳ್ಳುತ್ತಾರೆ. ಅಲ್ಲಿ ಆಗುತ್ತಿರುವುದು ಬೇರೆಯೇ. ಕಬ್ಬಿಣ ಕರಗಲು 1,538 ಡಿಗ್ರಿ ಬೇಕು. ಕಟರ್ ಅದನ್ನು ಅಷ್ಟು ಕಾಯಿಸುವುದಿಲ್ಲ. ಸುಮಾರು 900 ಡಿಗ್ರಿಗೆ ಒಂದು ಚುಕ್ಕೆಯನ್ನು ಕೆಂಪಾಗಿಸಿ, ಅದರ ಮೇಲೆ ಶುದ್ಧ ಆಕ್ಸಿಜನ್ನಿನ ಧಾರೆ ಬಿಟ್ಟರೆ ಕಬ್ಬಿಣ ತಾನೇ ಹತ್ತಿಕೊಂಡು ಉರಿಯುತ್ತದೆ. ಆ ಉರಿಯ ಶಾಖವೇ ಮುಂದಿನ ಚುಕ್ಕೆಯನ್ನು ಕಾಯಿಸುತ್ತದೆ, ಧಾರೆ ಉರಿದ ಬೂದಿಯನ್ನು ಊದಿ ಕೆಳಕ್ಕೆ ತಳ್ಳುತ್ತದೆ. ಹೀಗೆ ಉಕ್ಕು ತನ್ನನ್ನು ತಾನೇ ಕೊಯ್ದುಕೊಳ್ಳುತ್ತದೆ. ಮನುಷ್ಯ ದಾರಿ ತೋರಿಸಬೇಕಷ್ಟೆ. ಕೈ ಬೇಗ ಓಡಿದರೆ ಉರಿ ನಂದುತ್ತದೆ, ತಡೆದರೆ ಕೊಯ್ತ ಅಗಲವಾಗಿ ಗ್ಯಾಸು ದಂಡ. ಉಕ್ಕಿಗೆ ನಡೆದ ಈ ಆಟ ಎಲ್ಲ ಲೋಹಕ್ಕೂ ನಡೆಯುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ಕ್ರೋಮಿಯಂ ಪೊರೆ ಕಟ್ಟಿ ಉರಿಯನ್ನು ತಡೆಯುತ್ತದೆ. ತಾಮ್ರ ಶಾಖವನ್ನು ಒಂದು ಕಡೆ ನಿಲ್ಲಗೊಡುವುದಿಲ್ಲ. ಬೀಡು ಕಬ್ಬಿಣವಂತೂ ಉರಿಯುವ ಮೊದಲೇ ಕರಗಿ ಗಲೀಜು ಮಾಡುತ್ತದೆ.

ಆ ತಾಪತ್ರಯವೆಲ್ಲ ಒಟ್ಟಿಗೆ ಎದುರಾಗುವುದು ಎಂಜಿನ್ ಕೋಣೆಯಲ್ಲಿ. ಹಡಗಿನ ಹಿಂಭಾಗದಲ್ಲಿರುವುದರಿಂದ ಅದರ ಸರದಿ ಬರುವುದು ಕೊನೆಗೆ, ಮುಂದಿನದೆಲ್ಲ ಮಾಯವಾದ ಮೇಲೆ. ದೊಡ್ಡ ಕಂಟೇನರ್ ಹಡಗಿನ ಎಂಜಿನ್ ನೋಡದವರಿಗೆ ಅದರ ಗಾತ್ರ ಊಹೆಗೆ ಸಿಗುವುದು ಕಷ್ಟ. 14 ಸಿಲಿಂಡರಿನ ಒಂದು ಮಾದರಿ 2,300 ಟನ್ ತೂಗುತ್ತದೆ; ಅದರ ಕ್ರ್ಯಾಂಕ್‌ಶಾಫ್ಟ್ ಒಂದೇ 300 ಟನ್. ಕೆಲಸ ಮಾಡುವವರು ಅದರ ಒಳಗೆ ಏಣಿ ಹಾಕಿಕೊಂಡು ಇಳಿಯುತ್ತಾರೆ. ಇದನ್ನು ಕಂಡಕಂಡಲ್ಲಿ ಕೊಯ್ದರೆ ನಷ್ಟ. ಪಿಸ್ಟನ್, ಟರ್ಬೋಚಾರ್ಜರ್, ಪಂಪು, ವಾಲ್ವ್‌ಗಳಿಗೆ ಗುಜರಿಗಿಂತ ಬಿಡಿಭಾಗದ ಬೆಲೆ ಹೆಚ್ಚು, ಹಾಗಾಗಿ ಅವನ್ನು ಸ್ಪ್ಯಾನರ್ ಹಿಡಿದು ನಟ್ಟು ಬೋಲ್ಟು ಸಮೇತ ಬಿಚ್ಚುತ್ತಾರೆ. ಹಡಗಿಗೆ ವಿದ್ಯುತ್ ಕೊಡುತ್ತಿದ್ದ ಜನರೇಟರುಗಳನ್ನು ಇಡಿಯಾಗಿ ಹೊರತೆಗೆದು, ದುರಸ್ತಿ ಮಾಡಿ, ಕಾರ್ಖಾನೆಗಳಿಗೆ ಮಾರುತ್ತಾರೆ. ಬೀಡಿನ ಭಾಗಗಳಿಗೆ ಬೆಂಕಿಯ ಬದಲು ಪೆಟ್ಟು: ಎತ್ತರದಿಂದ ಉಕ್ಕಿನ ಭಾರ ಬಿಟ್ಟರೆ ಅದು ಒಡೆದು ಚೂರಾಗುತ್ತದೆ, ಚೂರುಗಳು ಫೌಂಡ್ರಿಗೆ ಹೋಗುತ್ತವೆ. ಹಡಗಿನ ಹೊರಗೆ, ನೀರಿನಡಿ ಜೀವಮಾನ ಕಳೆದ ಪ್ರೊಪೆಲ್ಲರ್ ನಿಕ್ಕಲ್ ಮತ್ತು ಅಲ್ಯೂಮಿನಿಯಂ ಬೆರೆತ ಕಂಚು, ಐದರಲ್ಲಿ ನಾಲ್ಕು ಪಾಲು ತಾಮ್ರ. ತೂಕಕ್ಕೆ ತೂಕ ನೋಡಿದರೆ ಇಡೀ ಹಡಗಿನಲ್ಲಿ ಅದರಷ್ಟು ದುಬಾರಿ ಭಾಗಗಳು ಕೆಲವೇ.

ಅಲಂಗ್ ಬಿಚ್ಚಿದ್ದರಲ್ಲಿ ಅತಿ ದೊಡ್ಡದು ಜಪಾನಿನಲ್ಲಿ ಕಟ್ಟಿದ ‘ಸೀವೈಸ್ ಜೈಂಟ್’ ತೈಲ ಹಡಗು. ಉದ್ದ 458 ಮೀಟರ್. ತುಂಬಿದಾಗ ಇಂಗ್ಲಿಷ್ ಕಾಲುವೆಯನ್ನೂ ದಾಟಲಾಗದಷ್ಟು ಆಳಕ್ಕೆ ಇಳಿಯುತ್ತಿತ್ತು. 1988ರಲ್ಲಿ, ಇರಾನ್-ಇರಾಕ್ ಯುದ್ಧದ ಕೊನೆಗಾಲದಲ್ಲಿ, ಇರಾಕಿ ವಿಮಾನಗಳ ಬಾಂಬಿಗೆ ಸಿಕ್ಕಿ ಉರಿದು ಆಳವಿಲ್ಲದ ನೀರಿನಲ್ಲಿ ಕೂತುಬಿಟ್ಟಿತು. ಅದನ್ನೂ ಎತ್ತಿ, ರಿಪೇರಿ ಮಾಡಿ, ಬೇರೆಬೇರೆ ಹೆಸರಿನಲ್ಲಿ ಇನ್ನೆರಡು ದಶಕ ದುಡಿಸಿದರು. 2009ರ ಕೊನೆಗೆ ‘ಮಾಂಟ್’ ಎಂಬ ಹೆಸರಿನಲ್ಲಿ ಅಲಂಗ್‌ಗೆ ಬಂತು. ಬರಿ ಹಡಗಿನ ತೂಕವೇ 80 ಸಾವಿರ ಟನ್ ದಾಟಿತ್ತು. ಬಿಚ್ಚಿ ಮುಗಿಸಲು ಒಂದು ವರ್ಷದ ಆಸುಪಾಸು ಹಿಡಿಯಿತು. ಬಾಂಬಿಗೆ ಆಗದ್ದನ್ನು ಅಲಂಗ್‌ನಲ್ಲಿ ಕಟರ್ ಹಿಡಿದವರು ಮಾಡಿ ಮುಗಿಸಿದರು. 36 ಟನ್ನಿನ ಅದರ ಒಂದು ಲಂಗರು ಹಾಂಗ್‌ಕಾಂಗಿನ ಮ್ಯೂಸಿಯಂ ಸೇರಿತು.

ಕಟರ್ ಹಿಡಿಯುವವರೂ ಹೆಲ್ಪರ್‌ಗಳೂ ಬಹುಮಟ್ಟಿಗೆ ಗುಜರಾತಿನವರಲ್ಲ. ಒಡಿಶಾ, ಉತ್ತರ ಪ್ರದೇಶ, ಬಿಹಾರ, ಜಾರ್ಖಂಡ್‌ಗಳಿಂದ ಬಂದವರು. ಊರಿನವರೊಬ್ಬರ ಹಿಂದೆ ಇನ್ನೊಬ್ಬರು ಬಂದು, ಮೊದಲು ಸಿಲಿಂಡರ್ ಹೊತ್ತು, ಪೈಪು ಎಳೆದು, ಆಮೇಲೆ ಕಟರ್ ಹಿಡಿಯುತ್ತಾರೆ. ತೊಂಬತ್ತರ ದಶಕದಲ್ಲಿ ಹೆಲ್ಮೆಟ್ಟು, ಬೂಟು ಇಲ್ಲದೆ ಅವರು ದುಡಿಯುತ್ತಿದ್ದ ರೀತಿಯನ್ನು ಅಮೆರಿಕದ ‘ಬಾಲ್ಟಿಮೋರ್ ಸನ್’ ಪತ್ರಿಕೆ ಬಯಲಿಗೆಳೆದು, 1998ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಆಮೇಲೂ ಸಾವು ನಿಂತಿಲ್ಲ. 2012ರ ಅಕ್ಟೋಬರಿನಲ್ಲಿ ಒಂದು ಹಡಗಿನ ಬೆಂಕಿಗೆ ಆರು ಮಂದಿ ಬಲಿಯಾದರು. 2014ರ ಜೂನ್‌ನಲ್ಲಿ ಅನಿಲ ಸ್ಫೋಟಕ್ಕೆ ಐವರು. ಖಾಲಿಯಾಗಿದೆ ಎಂದುಕೊಂಡ ಕೊಳವೆಯಲ್ಲಿ ಒಂದಿಷ್ಟು ಎಣ್ಣೆ ಅಥವಾ ಆವಿ ಉಳಿದಿದ್ದರೆ ಸಾಕು. ಹಿಂದಿನ ಹೆಜ್ಜೆ ಮುಗಿದಿದೆಯೇ ಎಂದು ನೋಡದೆ ಮುಂದಿನ ಹೆಜ್ಜೆ ಇಟ್ಟಲ್ಲೆಲ್ಲ ಈ ಕಥೆ ಮರುಕಳಿಸುತ್ತದೆ. ಅವಸರ ಮಾಡುವವನು ಕಟರ್ ಹಿಡಿದವನಲ್ಲ. ಹಡಗಿಗೆ ಕೋಟಿಗಟ್ಟಲೆ ಸಾಲ ಎತ್ತಿ, ದಿನದಿನದ ಬಡ್ಡಿ ಎಣಿಸುವ ಪ್ಲಾಟಿನ ಯಜಮಾನ.

ಕಾನೂನಿನ ಕಥೆ ಉದ್ದ, ಚಿಕ್ಕದಾಗಿ ಹೇಳುತ್ತೇನೆ. ಅಲಂಗ್‌ಗೆ ಹೊರಟಿದ್ದ, ಕಲ್ನಾರು ತುಂಬಿದ ಫ್ರಾನ್ಸಿನ ಯುದ್ಧನೌಕೆ ‘ಕ್ಲೆಮೆನ್ಸೋ’ ಗದ್ದಲವೆದ್ದು 2006ರಲ್ಲಿ ಅರ್ಧದಾರಿಯಿಂದ ಹಿಂದಿರುಗಿತು. 2009ರಲ್ಲಿ ಹಾಂಗ್‌ಕಾಂಗ್ ಒಪ್ಪಂದ ರೂಪುಗೊಂಡಿತು: ಹಡಗಿನಲ್ಲಿ ಅಪಾಯದ ವಸ್ತು ಏನೇನಿದೆ, ಎಲ್ಲಿದೆ ಎಂಬ ಪಟ್ಟಿ ಬೇಕು, ಹಡಗನ್ನು ಹೇಗೆ ಬಿಚ್ಚುತ್ತೇವೆಂದು ಯಾರ್ಡು ಮೊದಲೇ ಯೋಜನೆ ಬರೆದುಕೊಡಬೇಕು. ಭಾರತ 2019ರಲ್ಲಿ ಸೇರಿ, ಅದೇ ವರ್ಷ ತನ್ನದೇ ಕಾಯ್ದೆಯನ್ನೂ ಮಾಡಿತು. ಒಪ್ಪಂದ ಜಾರಿಗೆ ಬಂದದ್ದು 2025ರ ಜೂನ್ 26ಕ್ಕೆ, ಅಂದರೆ ಹದಿನಾರು ವರ್ಷ ತಡವಾಗಿ. ಹೊಸಬರಿಗೆ ಸುರಕ್ಷತಾ ತರಬೇತಿ ಈಗ ಕಡ್ಡಾಯ, ಒಳ್ಳೆಯದೇ. ಆದರೆ ಯಾವ ತೊಲೆ ತೆಗೆದರೆ ಯಾವ ಗೋಡೆ ವಾಲುತ್ತದೆ, ಎಲ್ಲಿ ಗೇಣು ಉಕ್ಕು ಬಿಡಬೇಕು ಎಂಬ ಮುಕಾದಮನ ತಿಳಿವಳಿಕೆಯನ್ನು ಯಾವ ಐಟಿಐ ಕೂಡ ಕೋರ್ಸು ಮಾಡಿ ಕಲಿಸುತ್ತಿಲ್ಲ. ಕಬ್ಬಿಣದ ಪ್ರತಿ ಟನ್ನಿಗೂ ಲೆಕ್ಕವಿಟ್ಟವರು ಈ ತಿಳಿವಳಿಕೆಯನ್ನು ಬರೆದಿಡುವ ಗೋಜಿಗೆ ಹೋಗದಿರುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ. ಕೆಲಸವೂ ಈಗ ಮೊದಲಿನಷ್ಟಿಲ್ಲ. 2011-12ರಲ್ಲಿ 415 ಹಡಗುಗಳು ಬಂದಿದ್ದವು. ಇತ್ತೀಚಿನ ವರ್ಷಗಳಲ್ಲಿ ಸಂಖ್ಯೆ ನೂರರ ಆಚೀಚೆ ಇದೆ. ನುರಿತವರು ಬೇರೆ ಕೆಲಸ ಹಿಡಿದು ಹೋದರೆ ಅವರ ತಿಳಿವಳಿಕೆಯೂ ಅವರೊಂದಿಗೇ ಹೋಗುತ್ತದೆ.

ಕತ್ತರಿಸಿದ ಫಲಕಗಳಲ್ಲಿ ಬಹುಪಾಲು ಭಾವನಗರ ಮತ್ತು ಸಿಹೋರ್ ಸುತ್ತಮುತ್ತಲಿನ ರೋಲಿಂಗ್ ಮಿಲ್ಲುಗಳ ದಾರಿ ಹಿಡಿಯುತ್ತವೆ. ಹಡಗಿನ ಉಕ್ಕು ಮೊದಲೇ ಪರೀಕ್ಷೆಗೊಳಗಾದ ಒಳ್ಳೆಯ ಜಾತಿಯದು. ಅದನ್ನು ಕರಗಿಸುವ ಅಗತ್ಯವೇ ಇಲ್ಲ. ಪಟ್ಟಿಪಟ್ಟಿಯಾಗಿ ಸೀಳಿ, ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ರೋಲರುಗಳ ನಡುವೆ ಹಾಯಿಸಿದರೆ ಸರಳು ಸಿದ್ಧ. ಸಂಡೂರಿನಂಥ ಕಡೆ ಗುಡ್ಡ ಅಗೆಯುವುದಾಗಲಿ, ಹೊರದೇಶದಿಂದ ಕೋಕಿಂಗ್ ಕಲ್ಲಿದ್ದಲು ತರಿಸುವುದಾಗಲಿ ಇದಕ್ಕೆ ಬೇಕಿಲ್ಲ. ಒಂದು ಹಡಗಿನ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಒಂದಲ್ಲ ಒಂದು ರೀತಿಯಲ್ಲಿ ಮರುಬಳಕೆಯಾಗುತ್ತದೆ.

ಹಡಗಿನಿಂದ ಇಳಿಸಿದ ಸಾಮಾನು ಯಾರ್ಡಿನಿಂದ ತ್ರಾಪಜ್ ಕಡೆ ಹೋಗುವ ರಸ್ತೆಯ ಇಕ್ಕೆಲದ ಅಂಗಡಿಗಳಿಗೆ ಬರುತ್ತದೆ. ಇವಕ್ಕೆ ಖಾಡಾ ಎನ್ನುತ್ತಾರೆ. ಒಂದರಲ್ಲಿ ಬರಿ ಹಾಸಿಗೆ, ಇನ್ನೊಂದರಲ್ಲಿ ಪಿಂಗಾಣಿ ತಟ್ಟೆ, ಮತ್ತೊಂದರಲ್ಲಿ ಬಾಗಿಲು, ಸೋಫಾ, ಟ್ರೆಡ್‌ಮಿಲ್, ಲೈಫ್‌ಜಾಕೆಟ್. 2019ರಲ್ಲಿ ಮುಂಬೈನಿಂದ ಗೋವಾ ಕಡೆಗೆ ವಿಹಾರ ಹೊರಡುತ್ತಿದ್ದ ‘ಕರ್ಣಿಕಾ’ ನೌಕೆ ಕೂಡ, ಕೋವಿಡ್‌ ಕಾಲದಲ್ಲಿ ಅದರ ಕಂಪನಿ ದಿವಾಳಿಯೆದ್ದು, 2020ರ ನವೆಂಬರಿನಲ್ಲಿ ಈ ತೀರಕ್ಕೇ ಬಂತು. ವಿಹಾರನೌಕೆ ಬಂತೆಂದರೆ ಹೋಟೆಲು, ರೆಸಾರ್ಟಿನವರಿಗೆ ಸುಗ್ಗಿ. ಹಡಗಿನ ಅಡುಗೆಮನೆಯ ಹಿಟ್ಟು ನಾದುವ ಯಂತ್ರ, ಪಾತ್ರೆ ತೊಳೆಯುವ ಯಂತ್ರಗಳು ಹೊಸದರ ಒಂದು ಪಾಲು ಬೆಲೆಗೆ ಸಿಗುತ್ತವೆ, ಗಟ್ಟಿಮುಟ್ಟಾಗಿಯೂ ಇರುತ್ತವೆ. ಚೌಕಾಸಿಗೆ ಅಡ್ಡಿಯಿಲ್ಲ. ಕೊಳ್ಳುವ ಮೊದಲು ಮೋಟಾರಿನ ಮೇಲಿನ ಪಟ್ಟಿ ಓದಿಕೊಳ್ಳಬೇಕಷ್ಟೆ: ಬಹಳಷ್ಟು ಹಡಗುಗಳ ವಿದ್ಯುತ್ 60 ಹರ್ಟ್ಸ್, ನಮ್ಮ ಮನೆಯದು 50.