ನಿಮಗಿದು ಗೊತ್ತೇ? ಮಾಂಸ ಬಿಟ್ಟವರಿಗೂ ಮೊಸರು ಬಿಡುವುದು ಕಷ್ಟ!

◆ ‘ವೀಗನ್’ ಎಂಬ ಪದಕ್ಕೆ ಇನ್ನೂ ನೂರು ತುಂಬಿಲ್ಲ. 1944ರಲ್ಲಿ ಇಂಗ್ಲೆಂಡಿನ ಮರಗೆಲಸದ ಮೇಷ್ಟ್ರು ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರು ‘ವೆಜಿಟೇರಿಯನ್’ ಪದದ ತಲೆ, ಬಾಲ ಉಳಿಸಿಕೊಂಡು ನಡುವಿನದನ್ನು ಕತ್ತರಿಸಿ ಎಸೆದರು. ಉಳಿದದ್ದೇ ವೀಗನ್. ಮಾಂಸ, ಮೀನು, ಮೊಟ್ಟೆಯ ಜೊತೆಗೆ ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನನ್ನೂ ಮುಟ್ಟದವರು ಇವರು. ವಾಟ್ಸನ್ 2005ರಲ್ಲಿ ತೀರಿಕೊಂಡಾಗ ಅವರಿಗೆ 95 ವರ್ಷ.

◆ ಅದಕ್ಕೂ ಹಿಂದಿನ ‘ವೆಜಿಟೇರಿಯನ್’ ಪದ ಮನೆಮಾತಾದದ್ದು 1847ರಲ್ಲಿ ಇಂಗ್ಲೆಂಡಿನ ರಾಮ್ಸ್‌ಗೇಟ್‌ನಲ್ಲಿ ಸಸ್ಯಾಹಾರಿಗಳ ಸಂಘ ಹುಟ್ಟಿದ ಮೇಲೆ. ಅಲ್ಲಿಯವರೆಗೆ ಯುರೋಪಿನವರು ಮಾಂಸವಿಲ್ಲದ ಊಟವನ್ನು ಪೈಥಾಗೊರಸನ ಊಟ ಎನ್ನುತ್ತಿದ್ದರು. ಹೌದು, ಹೈಸ್ಕೂಲಿನಲ್ಲಿ ಪ್ರಮೇಯ ಬಾಯಿಪಾಠ ಮಾಡಿಸಿ ನಮ್ಮನ್ನು ಗೋಳುಹೊಯ್ದುಕೊಂಡ ಅದೇ ಪೈಥಾಗೊರಸ್!

◆ ಭಾರತವೆಂದರೆ ಸಸ್ಯಾಹಾರಿಗಳ ದೇಶ ಅಂದುಕೊಂಡಿದ್ದೀರಾ? 2014ರ ಸರ್ಕಾರಿ ಸಮೀಕ್ಷೆಯ ಪ್ರಕಾರ ನೂರಕ್ಕೆ ಎಪ್ಪತ್ತು ಮಂದಿ ಮಾಂಸಾಹಾರಿಗಳು. ರಾಜಸ್ಥಾನದಲ್ಲಿ ನಾಲ್ವರಲ್ಲಿ ಮೂವರು ಸಸ್ಯಾಹಾರಿಗಳಾದರೆ, ನಮ್ಮ ಕರ್ನಾಟಕದಲ್ಲಿ ಐವರಲ್ಲಿ ಒಬ್ಬರು. ಪಕ್ಕದ ತೆಲಂಗಾಣದಲ್ಲಿ ನೂರು ಜನರಲ್ಲಿ ಇಬ್ಬರು ಸಿಕ್ಕಿದರೆ ಹೆಚ್ಚು.

◆ ಗಾಂಧೀಜಿ ಹುಟ್ಟಿನಿಂದ ಸಸ್ಯಾಹಾರಿ, ಆದರೆ ಮನಸಾರೆ ಸಸ್ಯಾಹಾರಿಯಾದದ್ದು ಲಂಡನ್ನಿನಲ್ಲಿ. ಹುಡುಗನಾಗಿದ್ದಾಗ ಗೆಳೆಯನ ಮಾತು ಕೇಳಿ, ಇಂಗ್ಲಿಷರನ್ನು ಓಡಿಸಲು ಮೈಯಲ್ಲಿ ಕಸುವು ಬೇಕೆಂದು ಕದ್ದು ಮಾಂಸ ತಿಂದಿದ್ದರು. 1888ರಲ್ಲಿ ಲಂಡನ್ನಿಗೆ ಹೋದಮೇಲೆ ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಅರೆಹೊಟ್ಟೆಯಲ್ಲಿ ಅಲೆಯುತ್ತಿದ್ದರು. ಒಂದು ದಿನ ಫ್ಯಾರಿಂಗ್ಡನ್ ಬೀದಿಯಲ್ಲಿ ಸಸ್ಯಾಹಾರಿ ಹೋಟೆಲೊಂದು ಕಣ್ಣಿಗೆ ಬಿತ್ತು. ಬಾಗಿಲ ಬಳಿಯ ಗಾಜಿನ ಕಿಟಕಿಯಲ್ಲಿ ಸಸ್ಯಾಹಾರದ ಪರವಾಗಿ ಹೆನ್ರಿ ಸಾಲ್ಟ್ ಬರೆದ ಪುಸ್ತಕ ಮಾರಾಟಕ್ಕಿತ್ತು. ಒಂದು ಶಿಲ್ಲಿಂಗ್ ಕೊಟ್ಟು ಕೊಂಡರು, ಆಮೇಲೆ ಹೊಟ್ಟೆತುಂಬ ಉಂಡರು. ಅದನ್ನು ಓದಿದ ಮೇಲೆ ಅಮ್ಮನ ಆಣೆ ತನ್ನದೇ ನಂಬಿಕೆಯಾಯಿತು.

◆ ಅದೇ ಗಾಂಧಿಗೆ ಹಾಲು ಬಿಡುವುದು ಆಗಲಿಲ್ಲ! 1912ರಲ್ಲಿ ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಹಾಲು ಬಿಟ್ಟರು. ಆರೇಳು ವರ್ಷದ ಮೇಲೆ ಕಾಯಿಲೆಯಲ್ಲಿ ಮೈ ಹಂಚಿಕಡ್ಡಿಯಾದಾಗ ಡಾಕ್ಟರು ಹಾಲು ಬೇಕೇಬೇಕೆಂದರು. ವ್ರತ ಹಿಡಿಯುವಾಗ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆ ತಾನೆ, ಆಡಿನ ಹಾಲಿಗೇನು ಅಡ್ಡಿ ಎಂದು ದಾರಿ ತೋರಿಸಿದವರು ಕಸ್ತೂರಬಾ. ಗಾಂಧಿ ಒಪ್ಪಿದರು, ಕೊನೆಯವರೆಗೂ ಅದು ಅವರನ್ನು ಚುಚ್ಚುತ್ತಿತ್ತು. ಅಕ್ಷರ ಉಳಿಯಿತು, ಅದರ ಜೀವ ಹೋಯಿತು ಎಂಬ ಅರ್ಥದಲ್ಲಿ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. 1927ರಲ್ಲಿ ನಂದಿಬೆಟ್ಟ, ಬೆಂಗಳೂರಿನಲ್ಲಿ ಆರೈಕೆಗೆ ತಂಗಿದ್ದಾಗ ಇಲ್ಲಿನ ಇಂಪೀರಿಯಲ್ ಡೈರಿ ಸಂಸ್ಥೆಗೆ ಹೋಗಿ ದನ ಸಾಕುವುದನ್ನು ಕಲಿತವರೂ ಇವರೇ. ಆ ಸಂಸ್ಥೆಯ ಜಾಗ ಇವತ್ತಿಗೂ ಆಡುಗೋಡಿಯಲ್ಲಿದೆ.

◆ ಮಾಧ್ವರ ಮನೆಗಳಲ್ಲಿ ಚಾತುರ್ಮಾಸ್ಯದ ನಾಲ್ಕು ತಿಂಗಳೂ ಒಂದೊಂದು ವ್ರತ. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳಿಲ್ಲ. ಕ್ಷೀರವ್ರತದ ತಿಂಗಳಲ್ಲಿ ಕಾಫಿ ಪ್ರಿಯರ ಮುಖ ನೋಡಬೇಕು!

◆ ಪೊಟ್ಟಣದ ಮೇಲಿನ ಹಸಿರು ಚುಕ್ಕಿ ವೀಗನ್ ಗುರುತಲ್ಲ. ಹಾಲು, ತುಪ್ಪ, ಜೇನಿಗೂ ಅದೇ ಚುಕ್ಕಿ. ವೀಗನ್ ಆಹಾರಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಬೇರೆಯದೇ ಗುರುತು ತಂದಿದೆ: ಎಲೆ ಚಿಗುರಿದ ಹಸಿರು ಇಂಗ್ಲಿಷ್ ‘ವಿ’ ಅಕ್ಷರ. ಮಾಂಸಾಹಾರದ ಕಂದು ಚುಕ್ಕಿ ಈಗ ಕಂದು ತ್ರಿಕೋನವಾಗಿದೆ. ಕಾರಣ ಸರಳ: ಬಣ್ಣಗುರುಡು ಇರುವವರಿಗೆ ಹಸಿರು, ಕಂದು ಎರಡೂ ಒಂದೇ ಥರ ಕಾಣಬಹುದು.

◆ ಕ್ಯಾಪ್ಸೂಲಿನ ಮೆತ್ತನೆಯ ಕವಚ ಸಾಮಾನ್ಯವಾಗಿ ಜೆಲಾಟಿನ್, ಅಂದರೆ ದನ ಅಥವಾ ಹಂದಿಯ ಮೂಳೆ, ತೊಗಲು ಬೇಯಿಸಿ ತೆಗೆದದ್ದು.

◆ ಕೆಲವು ಕೆಂಪು ಮಿಠಾಯಿಗಳ ಬಣ್ಣ ಕೊಚಿನೀಲ್ ಎಂಬ ಹುಳುವಿನಿಂದ ಬಂದದ್ದು. ಪೊಟ್ಟಣದ ಮೇಲೆ ‘120’ ಇದೆಯೇ ನೋಡಿ. ‘904’ ಇದ್ದರೆ ಮಿರಮಿರ ಹೊಳಪು ಕೊಟ್ಟದ್ದು ಅರಗಿನ ಹುಳು.

◆ ಸಿಹಿತಿಂಡಿಯ ಮೇಲಿನ ಬೆಳ್ಳಿ ರೇಕನ್ನು ಹಿಂದೆ ದನದ ಕರುಳಿನ ಹಾಳೆಗಳ ನಡುವೆ ಇಟ್ಟು ಬಡಿಯುತ್ತಿದ್ದರು. ಪ್ರಾಣಿಜನ್ಯ ವಸ್ತು ಬಳಸಕೂಡದೆಂದು ಎಫ್‌ಎಸ್‌ಎಸ್‌ಎಐ ನಿಯಮ ತಂದದ್ದು 2016ರಲ್ಲಿ. ಅಷ್ಟು ವರ್ಷ ‘ಶುದ್ಧ ಸಸ್ಯಾಹಾರಿ’ ಬೋರ್ಡಿನ ಕೆಳಗೆ ಬರ್ಫಿ ತಿಂದವರು ನಾವೆಲ್ಲ.

◆ ಕಟ್ಟಾ ವೀಗನ್ನರು ಮೈಸೂರು ರೇಷ್ಮೆ ಸೀರೆಯನ್ನೂ ಉಡುವುದಿಲ್ಲ. ನೂಲು ಕಡಿಯದೆ ಬರಬೇಕಾದರೆ ಹುಳು ಒಳಗಿರುವಾಗಲೇ ಗೂಡನ್ನು ಬಿಸಿನೀರಿಗೆ ಹಾಕಬೇಕು.

◆ ವಿಟಮಿನ್ ಡಿ-3 ಗುಳಿಗೆಯ ಮೂಲ ಬಹುತೇಕ ಕುರಿಯ ಉಣ್ಣೆಯಲ್ಲಿರುವ ಜಿಡ್ಡು. ಬಿಸಿಲಿಗೆ ಒಡ್ಡಿದ ಅಣಬೆಯಲ್ಲಿ ಡಿ-2 ಆಗುತ್ತದೆ.

◆ ಹಾಲು ಅಂದರೆ ಯಾವುದು? 2017ರಲ್ಲಿ ಯುರೋಪಿನ ನ್ಯಾಯಾಲಯ, ಕೆಚ್ಚಲಿನಿಂದ ಬಂದದ್ದನ್ನು ಮಾತ್ರ ಹಾಲೆಂದು ಮಾರಬಹುದು, ಸೋಯಾ ಹಾಲು ಹಾಲಲ್ಲ ಎಂದು ತೀರ್ಪು ಕೊಟ್ಟಿತು. ಕಾಯಿಹಾಲಿನಂಥ ಕೆಲವಕ್ಕೆ ಮಾತ್ರ ವಿನಾಯಿತಿ! ಕನ್ನಡಕ್ಕೆ ಈ ತಕರಾರೇ ಇಲ್ಲ. ಕಾಯಿ ಹಿಂಡಿದರೂ ಹಾಲು, ನೆನೆಸಿದ ರಾಗಿ ರುಬ್ಬಿ ಸೋಸಿದರೂ ಹಾಲು, ಆಲದ ಎಲೆ ಚಿವುಟಿದರೂ ಹಾಲು, ತೆನೆಯಲ್ಲೂ ಹಾಲು ತುಂಬುತ್ತದೆ. ಹಾಲುಬಾಯಿಯ ಹೆಸರಲ್ಲೇ ಹಾಲಿದೆ, ಆದರೆ ಒಳಗಿರುವುದು ಅಕ್ಕಿ ಅಥವಾ ರಾಗಿ, ತೆಂಗಿನಕಾಯಿ, ಬೆಲ್ಲ. ಕೊನೆಗೆ ಹಾಕುವ ತುಪ್ಪವನ್ನು ಬಿಟ್ಟರೆ ಅದು ಅಪ್ಪಟ ವೀಗನ್.

ಹಾಗೆ ನೋಡಿದರೆ ಮುದ್ದೆ-ಉಪ್ಸಾರು, ಜೋಳದ ರೊಟ್ಟಿ-ಎಣ್ಣೆಗಾಯಿ-ಗುರೆಳ್ಳು ಚಟ್ನಿ, ಒತ್ತುಶ್ಯಾವಿಗೆ-ಕಾಯಿಹಾಲು, ಚಿತ್ರಾನ್ನ, ಹುರುಳಿ ಸಾರು ಎಲ್ಲವೂ ವೀಗನ್ನೇ. ನಮ್ಮ ಅಡುಗೆಮನೆ ಅರ್ಧ ದಾರಿಯಲ್ಲೇ ಇದೆ. ಎಡವುವುದು ಊಟದ ಕೊನೆಯ ತುತ್ತಿನಲ್ಲಿ, ಮೊಸರನ್ನ ಕಲಸುವಾಗ.

◆ ಅದಕ್ಕೂ ಒಂದು ಉಪಾಯವುಂಟು. ಹಸಿಮೆಣಸಿನಕಾಯಿಯ ತೊಟ್ಟಿನಲ್ಲಿ ಹುಳಿ ಬರಿಸುವ ಬ್ಯಾಕ್ಟೀರಿಯಾ ಇರುತ್ತವೆ, ಹೆಪ್ಪು ಇಲ್ಲದಾಗ ಅದನ್ನೇ ಹಾಲಿಗೆ ಹಾಕುವವರಿದ್ದಾರೆ. ಕಡಲೆಕಾಯಿ ಹಾಲಿನಲ್ಲೂ ಅದು ಕೆಲಸ ಮಾಡುತ್ತದೆ. ನಾನೂ ಮಾಡಿ ನೋಡಿದೆ. ಮಜ್ಜಿಗೆಹುಳಿಗೆ ಸೊಗಸು, ಅನ್ನಕ್ಕೆ ಕಲಸಿಕೊಂಡರೆ ಮಾತ್ರ ಕಡಲೆಕಾಯಿ ಘಾಟು ಮುಚ್ಚುವುದಿಲ್ಲ.

◆ 2014ರಲ್ಲಿ ಫ್ರಾನ್ಸಿನ ಜೋಯೆಲ್ ರೋಸೆಲ್ ಎಂಬವರು, ಕಡಲೆಕಾಳು ಬೇಯಿಸಿದ ನೀರನ್ನು ಕಡೆದರೆ ಮೊಟ್ಟೆಯ ಬಿಳಿಯ ಹಾಗೆ ನೊರೆ ಬರುತ್ತದೆಂದು ತೋರಿಸಿದರು. ಮರುವರ್ಷ ಅದಕ್ಕೆ ‘ಅಕ್ವಾಫಾಬಾ’ ಎಂಬ ಲ್ಯಾಟಿನ್ ನಾಮಕರಣವೂ ಆಯಿತು. ಪದದ ಅರ್ಥ ಕಾಳಿನ ನೀರು, ಅಷ್ಟೆ. ನಮ್ಮಲ್ಲಿ ಅದಕ್ಕೆ ಕಟ್ಟು ಎನ್ನುತ್ತಾರೆ, ಬಸ್ಸಾರು ಆಗುವುದು ಅದರಿಂದಲೇ.

◆ ಅಕ್ಕಿ, ರಾಗಿ, ಜೋಳದಂಥ ಧಾನ್ಯಗಳಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ. ಬೇಳೆಕಾಳಿನಲ್ಲಿ ಅದು ಧಾರಾಳ, ಆದರೆ ಮೆಥಿಯೊನೀನ್ ಕಡಿಮೆ. ಅನ್ನಕ್ಕೆ ಸಾರು, ಅಕ್ಕಿಗೆ ಉದ್ದು ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಒಂದೇ ಊಟದಲ್ಲಿ ಸೇರಬೇಕೆಂದೇನಿಲ್ಲ, ದಿನದಲ್ಲಿ ಒಟ್ಟಾರೆ ಸಿಕ್ಕರೆ ಸಾಕು.

◆ ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಹಸುವಿನ ಹಾಲಿನಲ್ಲಿ 120ರ ಆಸುಪಾಸು. ಸಿಪ್ಪೆ ತೆಗೆಯದ ಎಳ್ಳಿನಲ್ಲಿ ಸಾವಿರದ ಸಮೀಪ. ಹಾಗೆಂದು ಪಾಲಕ್ ಸೊಪ್ಪನ್ನು ನೆಚ್ಚಬೇಡಿ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡು ಬಿಡುವುದಿಲ್ಲ.

◆ ಕಾಳು, ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಬೇಕೇ? ಕೋಸಂಬರಿಗೆ ನಿಂಬೆಹುಳಿ ಹಿಂಡಿ. ಊಟದ ಬೆನ್ನಿಗೇ ಕಾಫಿ, ಟೀ ಕುಡಿದರೆ ಆ ಲಾಭ ಹೋಯಿತು.

◆ ಇಷ್ಟೆಲ್ಲ ಇದ್ದೂ ಸಸ್ಯದಿಂದ ಸಿಗದ ಒಂದು ವಸ್ತುವಿದೆ: ವಿಟಮಿನ್ ಬಿ-12. ಇದನ್ನು ಗಿಡವೂ ಮಾಡದು, ಪ್ರಾಣಿಯೂ ಮಾಡದು, ಸೂಕ್ಷ್ಮಜೀವಿಗಳೇ ಮಾಡಬೇಕು. ಹಸುವಿಗೆ ಅದು ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳಿಂದ ಸಿಗುತ್ತದೆ, ಅಲ್ಲಿಂದ ಹಾಲಿಗೆ. ಇದರ ಒಳರಚನೆಯನ್ನು ಬಿಡಿಸಿ ತೋರಿಸಿದ ಡೊರೊಥಿ ಹಾಡ್ಜ್‌ಕಿನ್ ಅವರಿಗೆ 1964ರಲ್ಲಿ ನೊಬೆಲ್ ಬಂತು. ದಿನಕ್ಕೆ ನಮಗೆ ಬೇಕಾದದ್ದು ಎರಡು, ಎರಡೂವರೆ ಮೈಕ್ರೋಗ್ರಾಂ, ಸಾಸಿವೆ ಕಾಳಿನ ಸಾವಿರದಲ್ಲೊಂದು ಪಾಲಿನಷ್ಟು. ಹುಳಿ ಬಂದ ಇಡ್ಲಿ ಹಿಟ್ಟಿನಲ್ಲಿದೆ, ಸ್ಪಿರುಲಿನಾದಲ್ಲಿದೆ ಎನ್ನುವವರ ಮಾತನ್ನು ನಂಬಿ ಕೂರಬೇಡಿ. ಸ್ಪಿರುಲಿನಾದಲ್ಲಿ ಹೆಚ್ಚಾಗಿ ಇರುವುದು ನಮ್ಮ ಮೈಗೆ ಒದಗದ ಹುಸಿ ಬಿ-12.

ಮೋಸವಿರುವುದು ಇಲ್ಲೇ. ಪಿತ್ತಜನಕಾಂಗದಲ್ಲಿ ಬಿ-12ರ ದಾಸ್ತಾನು ವರ್ಷಗಟ್ಟಲೆ ಸಾಕಾಗುವಷ್ಟಿರಬಹುದು. ಹಾಲು ಬಿಟ್ಟ ಮೊದಲ ವರ್ಷ ಮೈ ಹಗುರಾಗಿ, ನನಗೇನೂ ಆಗಿಲ್ಲವಲ್ಲ ಎಂದು ಬೀಗುತ್ತೇವೆ. ದಾಸ್ತಾನು ಬರಿದಾದ ಮೇಲೆ ಸುಸ್ತು, ಕೈಕಾಲು ಜೋಮು, ಮರೆವು ಶುರುವಾಗುತ್ತವೆ. ತಡವಾದರೆ ನರಗಳಿಗೆ ಆದ ಪೆಟ್ಟು ಪೂರ್ತಿ ವಾಸಿಯಾಗದೆಯೂ ಇರಬಹುದು. ಔಷಧದಂಗಡಿಯ ಬಿ-12 ಗುಳಿಗೆಯನ್ನು ಬ್ಯಾಕ್ಟೀರಿಯಾಗಳಿಂದಲೇ ತಯಾರಿಸುತ್ತಾರೆ, ವೀಗನ್ನರೂ ನುಂಗಬಹುದು. ಅದರ ಕವಚ ಜೆಲಾಟಿನ್ ಆಗಿರದಂತೆ ನೋಡಿಕೊಂಡರಾಯಿತು. ಹಾಲು, ಮೊಸರನ್ನೂ ಬಿಡುವ ಮನಸ್ಸಿದ್ದರೆ ಇವತ್ತೇ ಡಾಕ್ಟರನ್ನು ಕೇಳಿ ಒಂದು ರಕ್ತಪರೀಕ್ಷೆ ಮಾಡಿಸಿಬಿಡಿ.