ಹಳೆ ಹಲಗೆಯಿಂದ ಮಂದ್ರಸ್ವರ

1940ರ ಆಸುಪಾಸು. ನ್ಯೂಯಾರ್ಕಿನ ಎಪಿಫೋನ್ ಕಾರ್ಖಾನೆಯಲ್ಲಿ, ಯಂತ್ರಗಳಿಗೆ ರಜೆಯಿರುವ ಭಾನುವಾರಗಳಲ್ಲಿ, ಲೆಸ್ ಪಾಲ್ ಎಂಬ ಗಿಟಾರ್ ವಾದಕರು ನಾಲ್ಕಿಂಚು ದಪ್ಪದ ಪೈನ್ ತೊಲೆಯೊಂದಕ್ಕೆ ಗಿಟಾರಿನ ಕತ್ತು, ತಂತಿ, ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಜೋಡಿಸಿದರು. ವೇದಿಕೆಯಲ್ಲಿ ಅದನ್ನು ನುಡಿಸಿದಾಗ ಜನ ಅಷ್ಟಾಗಿ ಗಮನ ಕೊಡಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಆಮೇಲೆ ಮಾಮೂಲಿ ಗಿಟಾರೊಂದರ ಹೊಟ್ಟೆಯನ್ನು ಉದ್ದಕ್ಕೆ ಸೀಳಿ ಎರಡು ಹೋಳುಗಳನ್ನು ತೊಲೆಯ ಅಕ್ಕಪಕ್ಕ ಸೇರಿಸಿದರು. ಅದೇ ತೊಲೆ, ಅದೇ ತಂತಿ. ಈಗ ಜನಕ್ಕೆ ಹಿಡಿಸಿತು. ಆ ಹೋಳುಗಳು ಇದ್ದದ್ದು ಕಣ್ಣಿಗಾಗಿ. ನಾದ ಹುಟ್ಟುತ್ತಿದ್ದದ್ದು ತಂತಿ ಮತ್ತು ಪಿಕಪ್ಪಿನ ನಡುವೆ.

ಕೈಯಲ್ಲಿ ಹೆಚ್ಚು ದುಡ್ಡಿಲ್ಲದೆ, ಮನೆಯಲ್ಲೇ ಎಲೆಕ್ಟ್ರಿಕ್ ಬಾಸ್ ಗಿಟಾರ್ ಕಟ್ಟಲು ಹೊರಟವರು ಮೊದಲು ತಿಳಿಯಬೇಕಾದ ಸಂಗತಿ ಇದು. ವೀಣೆಯಲ್ಲಿ, ಪಿಟೀಲಿನಲ್ಲಿ ಮರದ ಹೊಟ್ಟೆಯೇ ತಂತಿಯ ಕಂಪನವನ್ನು ಗಾಳಿಗೆ ದಾಟಿಸುತ್ತದೆ. ಎಲೆಕ್ಟ್ರಿಕ್ ಬಾಸಿನಲ್ಲಿ ಆ ಕೆಲಸ ವಿದ್ಯುತ್ತಿನದು. ಮರಕ್ಕೆ ಉಳಿಯುವುದು ಅಲುಗಾಡದೆ ತಂತಿಯನ್ನು ಹಿಡಿದು ನಿಲ್ಲುವ ಕೆಲಸ. ಯಾವ ಮರದಿಂದ ಯಾವ ‘ಟೋನ್’ ಎಂಬ ಚರ್ಚೆ ವಾದಕರ ನಡುವೆ ಮುಗಿಯುವುದೇ ಇಲ್ಲ. ನನ್ನ ಮಟ್ಟಿಗೆ, ಮೊದಲ ವಾದ್ಯ ಕಟ್ಟುವವರು ಆ ಚರ್ಚೆಗೆ ಕಿವಿಗೊಡಬೇಕಿಲ್ಲ. ಒಡೆದ ಮನೆಯ ಬಾಗಿಲ ಚೌಕಟ್ಟು, ಮುರಿದ ಮಂಚದ ಹಲಗೆ, ದಪ್ಪ ಪ್ಲೈವುಡ್, ಯಾವುದಾದರೂ ಆದೀತು. ಹಳೆಯ ಮರಕ್ಕೆ ಒಂದು ನಿಜವಾದ ಹಿರಿಮೆಯೂ ಇದೆ: ಅದು ವರ್ಷಗಟ್ಟಲೆ ಒಣಗಿ, ಸೊಟ್ಟಗಾಗುವಷ್ಟು ಸೊಟ್ಟಗಾಗಿ ಮುಗಿಸಿರುತ್ತದೆ. ಕ್ವೀನ್ ತಂಡದ ಬ್ರಯಾನ್ ಮೇ ಹದಿಹರೆಯದಲ್ಲಿ, 1963ರಲ್ಲಿ, ತಂದೆಯ ಜೊತೆ ಸೇರಿ ಕಟ್ಟಲು ತೊಡಗಿದ ಗಿಟಾರಿನ ಕತ್ತು ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರದಿಂದ ಬಂದದ್ದು. ಆ ಗಿಟಾರಿನಲ್ಲಿರುವುದು ಮೋಟಾರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗು. ಗುರುತಿನ ಚುಕ್ಕಿಗಳು ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನಚಿಪ್ಪಿನ ಗುಂಡಿಗಳು. ಆ ವಾದ್ಯವನ್ನು ಅವರು ಮುಂದೆ ದಶಕಗಳ ಕಾಲ ನುಡಿಸಿದರು.

ಹಾಗಾದರೆ ದುಡ್ಡು ಮತ್ತು ಶ್ರಮ ಎಲ್ಲಿ ಹಾಕಬೇಕು? ತಂತಿಯ ಉದ್ದ, ಅದರ ಬಿಗಿತ, ಬೆರಳು ಒತ್ತುವ ಜಾಗಗಳ ಅಳತೆ, ಈ ಮೂರರಲ್ಲಿ.

ಬಾಸ್ ಗಿಟಾರಿಗೆ ನಾಲ್ಕು ತಂತಿ. ಅತ್ಯಂತ ದಪ್ಪದ್ದು ಇ, ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಉಳಿದವು ಎ 55, ಡಿ 73, ಜಿ 98 ಹರ್ಟ್ಸ್. ಸಾಮಾನ್ಯ ಗಿಟಾರಿನ ಇದೇ ತಂತಿಗಳಿಗಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಸ್ವರವನ್ನು ಒಂದು ಸ್ಥಾಯಿ ಇಳಿಸಲು ಮೂರು ದಾರಿಗಳಿವೆ: ತಂತಿಯ ಉದ್ದವನ್ನು ಇಮ್ಮಡಿ ಮಾಡುವುದು, ಬಿಗಿತವನ್ನು ಕಾಲು ಭಾಗಕ್ಕೆ ಇಳಿಸುವುದು, ಅಥವಾ ತಂತಿಯ ತೂಕವನ್ನು ನಾಲ್ಕು ಪಟ್ಟು ಮಾಡುವುದು. ಬಿಗಿತ ಇಳಿಸಿದರೆ ತಂತಿ ಜೋತುಬಿದ್ದು ಪಟಪಟ ಬಡಿಯುತ್ತದೆ. ಉದ್ದ ಇಮ್ಮಡಿಯಾದರೆ ಕೈಗೆ ಎಟಕುವುದಿಲ್ಲ. ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬಾಸ್ ತಂದಾಗ 34 ಇಂಚು, ಅಂದರೆ ಸುಮಾರು 864 ಮಿ.ಮೀ. ಉದ್ದಕ್ಕೆ ಒಪ್ಪಿಕೊಂಡು ಉಳಿದದ್ದನ್ನು ತಂತಿಯ ದಪ್ಪಕ್ಕೆ ಬಿಟ್ಟರು. ಬರೀ ದಪ್ಪ ಉಕ್ಕಿನ ಸರಳಾದರೆ ಅದು ಬಾಗಲೊಲ್ಲದು, ಅದರ ಉಪಸ್ವರಗಳು ಏರುಪೇರಾಗಿ ಕಿವಿಗೆ ಕರ್ಕಶವಾಗುತ್ತವೆ. ಅದಕ್ಕಾಗಿಯೇ ಸಪೂರ ಉಕ್ಕಿನ ಎಳೆಯ ಮೇಲೆ ಇನ್ನೊಂದು ತಂತಿಯನ್ನು ಒತ್ತೊತ್ತಾಗಿ ಸುತ್ತುತ್ತಾರೆ: ತೂಕ ಏರುತ್ತದೆ, ಬಾಗುವ ಗುಣ ಉಳಿಯುತ್ತದೆ. ಇದನ್ನು ಮನೆಯಲ್ಲಿ ಮಾಡಲಾಗದು. ತಂತಿಯ ಸೆಟ್ಟನ್ನು ಕೊಂಡೇ ತರಬೇಕು, ಅಲ್ಲಿ ಕೈ ಬಿಗಿಹಿಡಿಯಬಾರದು. ಹೆಚ್ಚಾದ ತಂತಿಯನ್ನು ಕತ್ತರಿಸುವ ಮುನ್ನ ಚೂಪಾಗಿ ಒಮ್ಮೆ ಬಗ್ಗಿಸಿ. ಇಲ್ಲವಾದರೆ ಮೇಲಿನ ಸುತ್ತು ಸಡಿಲವಾಗಿ ಆ ತಂತಿ ಸತ್ತುಹೋಗುತ್ತದೆ.

34 ಇಂಚಿನ ಬಾಸಿನಲ್ಲಿ ನಾಲ್ಕೂ ತಂತಿಗಳ ಒಟ್ಟು ಎಳೆತ ಸುಮಾರು 75 ಕಿಲೋ. ಒಬ್ಬ ವಯಸ್ಕ ಮನುಷ್ಯನ ಭಾರ ಹಗಲೂ ರಾತ್ರಿ ಒಂದು ತೆಳು ಮರದ ಪಟ್ಟಿಯನ್ನು ಬಿಲ್ಲಿನಂತೆ ಬಗ್ಗಿಸುತ್ತಲೇ ಇರುತ್ತದೆ. ಮೊದಲ ಪ್ರಯತ್ನಕ್ಕೆ 30 ಇಂಚಿನ, 762 ಮಿ.ಮೀ. ಅಳತೆಯನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಅದೇ ತಂತಿ, ಅದೇ ಸ್ವರ, ಆದರೆ ಎಳೆತದಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಇಳಿಕೆ. ಇದು ಬಡವರ ರಾಜಿಯೇನಲ್ಲ. 1961ರಲ್ಲಿ ಹ್ಯಾಂಬರ್ಗಿನಲ್ಲಿ ಫೆಂಡರ್ ಕೊಳ್ಳುವ ಶಕ್ತಿಯಿಲ್ಲದ, ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಸುಮಾರು 30 ಪೌಂಡಿಗೆ ಕೊಂಡ ಹಾಫ್ನರ್ ಬಾಸ್ ಕೂಡ ಗಿಡ್ಡ ಅಳತೆಯದೇ.

ಕತ್ತಿನ ಮರ ಮಾತ್ರ ನೋಡಿ ಆರಿಸಬೇಕು. ಎಳೆ ನೇರವಾಗಿರಬೇಕು, ಗಂಟು ಇರಬಾರದು. ಒಂದೇ ಒಳ್ಳೆಯ ತುಂಡು ಸಿಗದಿದ್ದರೆ ಮೂರು ಪಟ್ಟಿಗಳನ್ನು, ನಡುವಿನದರ ಎಳೆಯನ್ನು ತಿರುವಿಟ್ಟು ಅಂಟಿಸಿದರೆ ಒಂದು ತಿರುಚಲು ಹೊರಟಾಗ ಇನ್ನೊಂದು ತಡೆಯುತ್ತದೆ. ಇಲ್ಲಿ ಭೌತವಿಜ್ಞಾನ ಒಂದು ಉಡುಗೊರೆ ಕೊಟ್ಟಿದೆ: ಹಲಗೆಯ ಬಿಗುವು ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಕತ್ತನ್ನು 22ರ ಬದಲು 24 ಮಿ.ಮೀ. ದಪ್ಪ ಮಾಡಿದರೆ ಅದು ಸುಮಾರು ಶೇ. 30ರಷ್ಟು ಹೆಚ್ಚು ಬಿಗುವಾಗುತ್ತದೆ. ಎರಡು ಮಿಲಿಮೀಟರ್ ಮರಕ್ಕೆ ಖರ್ಚೇನೂ ಇಲ್ಲ. ಕಾರ್ಖಾನೆಯ ವಾದ್ಯಗಳಲ್ಲಿ ಕತ್ತಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸಲಾಕೆ ಇರುತ್ತದೆ. ಅದರ ನಟ್ಟನ್ನು ತಿರುಗಿಸಿ ಬಾಗನ್ನು ಹೊಂದಿಸಬಹುದು. ದುಡ್ಡು ಹೊಂದಿದರೆ ಅದನ್ನು ಕೊಳ್ಳಿ. ಆಗದಿದ್ದರೆ ಕತ್ತಿನಲ್ಲಿ ತೋಡು ಕೊರೆದು ಕಬ್ಬಿಣದ ಚೌಕ ಕೊಳವೆಯನ್ನು ಅರಾಲ್ಡೈಟ್ ಹಾಕಿ ಕೂರಿಸಿ. ಹೊಂದಿಸಲಾಗದು, ಆದರೆ ಕತ್ತು ಬಾಗದು. ಪೂರ್ತಿ ನೇರವೂ ಬೇಡ: ಕಂಪಿಸುವ ತಂತಿ ನಡುವಿನಲ್ಲಿ ಹೆಚ್ಚು ಅಗಲಕ್ಕೆ ತೂಗಾಡುವುದರಿಂದ ಮೂರನೇ ಒಂದು ಮಿಲಿಮೀಟರಿನಷ್ಟು ತಗ್ಗು ಇದ್ದರೆ ಒಳ್ಳೆಯದು.

ಕತ್ತಿನ ಮೇಲ್ಮೈಗೆ ಲೋಕದ ಗಿಟಾರ್ ತಯಾರಕರು ಬಹುಕಾಲದಿಂದ ಬಳಸುತ್ತಿರುವ ಮರಗಳಲ್ಲಿ ನಮ್ಮ ಪಶ್ಚಿಮಘಟ್ಟದ ಬೀಟೆ ಒಂದು. ಹೊಸ ಬೀಟೆಯ ಆಸೆ ಬೇಡ, ಅದು ಕಾನೂನಿನ ಕಾವಲಿನಲ್ಲಿರುವ ಮರ, ಹಾಗೆ ಇರುವುದೇ ಸರಿ. ಹಳೆಯ ಪೀಠೋಪಕರಣದ ತುಂಡು ಸಿಕ್ಕರೆ ಅದೃಷ್ಟ.

ಇನ್ನು ಫ್ರೆಟ್ಟುಗಳು, ಅಂದರೆ ಬೆರಳು ಒತ್ತುವ ಜಾಗಗಳಲ್ಲಿ ಕತ್ತಿಗೆ ಅಡ್ಡಲಾಗಿ ಕೂರಿಸುವ ಲೋಹದ ಪಟ್ಟಿಗಳು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು, ಅತ್ಯಂತ ಕಠಿಣವಾದದ್ದೂ ಇದೇ. ಒಂದು ಸ್ಥಾಯಿಯಲ್ಲಿ ಹನ್ನೆರಡು ಸಮ ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಕಂಪನ 1.0595 ಪಟ್ಟು ಏರಬೇಕು. ಕೈಲೆಕ್ಕಕ್ಕೆ ಸುಲಭವಾದ ದಾರಿ: ಉಳಿದ ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮುಂದಿನ ಫ್ರೆಟ್ಟಿನ ದೂರ ಸಿಗುತ್ತದೆ. 762 ಮಿ.ಮೀ. ತಂತಿಗೆ ಮೊದಲ ಫ್ರೆಟ್ 42.8 ಮಿ.ಮೀ. ದೂರದಲ್ಲಿ. ಎರಡನೆಯದು ಅಲ್ಲಿಂದ 40.4. ಹೀಗೆ ಕಿರಿದಾಗುತ್ತ ಹೋಗಿ ಹನ್ನೆರಡನೆಯದು ಸರಿಯಾಗಿ ನಡುವೆ, 381ರಲ್ಲಿ ಬೀಳುತ್ತದೆ. ಖಗೋಳಜ್ಞ ಗೆಲಿಲಿಯೋನ ತಂದೆ ವಿಂಚೆಂಜೊ ಗೆಲಿಲೈ ಲ್ಯೂಟ್ ವಾದಕ. 1581ರ ತನ್ನ ಗ್ರಂಥದಲ್ಲಿ ಅವನು ಲ್ಯೂಟಿಗೆ 18ರಿಂದ ಭಾಗಿಸುವ ಸೂತ್ರ ಕೊಟ್ಟ. ಬಾಯಲ್ಲಿ ಲೆಕ್ಕ ಹಾಕಲು ಹಿತವಾದ ಸೂತ್ರ. ಆದರೆ ನಮ್ಮ ತಂತಿಗೆ ಅದನ್ನು ಹಚ್ಚಿದರೆ ಹನ್ನೆರಡನೇ ಫ್ರೆಟ್ ನಡುವಿನಿಂದ ಸುಮಾರು 2.8 ಮಿ.ಮೀ. ಹಿಂದೆಯೇ ನಿಲ್ಲುತ್ತದೆ. ಅಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಸ್ವರ ಅರ್ಧಸ್ವರದ ನೂರರಲ್ಲಿ ನಾಲ್ಕೂವರೆ ಪಾಲು ಜಾರುತ್ತದೆ. ಎರಡೂವರೆ ಮಿಲಿಮೀಟರ್ ದಾಟಿದರೆ ಶ್ರುತಿಜ್ಞಾನವಿದ್ದವರ ಕಿವಿ ಸುಮ್ಮನಿರುವುದಿಲ್ಲ.

ಆದ್ದರಿಂದ ಒಂದು ಫ್ರೆಟ್ಟಿನಿಂದ ಮುಂದಿನದಕ್ಕೆ ಅಳೆಯುತ್ತ ಹೋಗಬೇಡಿ. ಪ್ರತಿ ಸಲ ಕೂದಲೆಳೆಯಷ್ಟು ತಪ್ಪಿದರೂ ಅವೆಲ್ಲ ಕೂಡಿಕೊಳ್ಳುತ್ತವೆ. ಎಲ್ಲ ದೂರಗಳನ್ನೂ ನಟ್ಟಿನಿಂದಲೇ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯಿಂದಲೇ), ಒಂದೇ ಉಕ್ಕಿನ ಸ್ಕೇಲಿನಲ್ಲಿ, ಚೂಪು ಮೊನೆಯಿಂದ ಗುರುತು ಹಾಕಿ. ಗರಗಸದ ಸೀಳು ಫ್ರೆಟ್ ತಂತಿಯ ಕಾಲಿಗಿಂತ ಒಂದಿಷ್ಟು ಬಿಗಿಯಾಗಿರಬೇಕು. ನಮ್ಮ ವೀಣೆ ತಯಾರಕರು ಈ ಸಮಸ್ಯೆಗೆ ಬೇರೆಯೇ ಉತ್ತರ ಕಂಡುಕೊಂಡಿದ್ದಾರೆ. ಅವರು 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುತ್ತಾರೆ, ಕಿವಿಯಿಂದ ಕೇಳಿ ಸರಿಸುತ್ತಾರೆ, ವರ್ಷಗಳ ನಂತರ ಮೇಣ ಸವೆದರೆ ಮತ್ತೆ ಹೊಸದಾಗಿ ಕಟ್ಟುತ್ತಾರೆ. ಮರಕ್ಕೆ ಹೊಡೆದ ಫ್ರೆಟ್ಟಿಗೆ ಆ ಎರಡನೇ ಅವಕಾಶವಿಲ್ಲ.

ಫ್ರೆಟ್ಟೇ ಬೇಡ ಎನ್ನುವ ದಾರಿಯೂ ಇದೆ, ಅದಕ್ಕೆ ದೊಡ್ಡ ಪರಂಪರೆಯೇ ಇದೆ. ರೋಲಿಂಗ್ ಸ್ಟೋನ್ಸ್ ತಂಡ ಸೇರುವ ಮೊದಲೇ, 1961ರಲ್ಲಿ, ಬಿಲ್ ವೈಮನ್ ಅಗ್ಗದ ಬಾಸೊಂದನ್ನು ಕೊಂಡು ಅದರ ಮೈ ಕೊರೆದು ಆಕಾರ ಬದಲಿಸಿ, ಗರಗರ ಎನ್ನುತ್ತಿದ್ದ ಫ್ರೆಟ್ಟುಗಳನ್ನು ಕಿತ್ತರು. ಹೊಸದನ್ನು ಹಾಕುವ ಯೋಚನೆಯಿತ್ತು. ಬರಿ ಮರದ ಮೇಲೆ ತಂತಿಯ ದನಿ ಚೆನ್ನಾಗಿದ್ದುದರಿಂದ ಹಾಗೆಯೇ ಬಿಟ್ಟರು. ಖರ್ಚು ಉಳಿಯುತ್ತದೆ, ನಿಜ. ಆದರೆ ಆ ಮಿಲಿಮೀಟರಿನ ಲೆಕ್ಕ ಮಾಯವಾಗುವುದಿಲ್ಲ, ನುಡಿಸುವವರ ಬೆರಳಿಗೆ ದಾಟುತ್ತದೆ. ಪಿಟೀಲು ಕಲಿತವರಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಉಳಿದವರು ಕತ್ತಿನ ಅಂಚಿನಲ್ಲಾದರೂ ಗುರುತಿನ ಗೆರೆ ಎಳೆದುಕೊಳ್ಳಲಿ.

ಪಿಕಪ್ ಎಂದರೆ ಅಯಸ್ಕಾಂತ ಮತ್ತು ಅದರ ಸುತ್ತ ತಾಮ್ರದ ಸುರುಳಿ, ಅಷ್ಟೇ. ಅಯಸ್ಕಾಂತ ಮೇಲಿರುವ ಉಕ್ಕಿನ ತಂತಿಯನ್ನೂ ಕಾಂತವಾಗಿಸುತ್ತದೆ. ತಂತಿ ಅಲುಗಿದಾಗ ಸುರುಳಿಯೊಳಗಿನ ಕಾಂತಕ್ಷೇತ್ರ ಏರಿಳಿಯುತ್ತದೆ, 1831ರಲ್ಲಿ ಫ್ಯಾರಡೆ ಕಂಡ ನಿಯಮದಂತೆ ಸಣ್ಣ ವೋಲ್ಟೇಜು ಹುಟ್ಟುತ್ತದೆ. ಸಾದಾ ಫೆರೈಟ್ ಅಯಸ್ಕಾಂತ, ನಾಲ್ಕಾರು ಕಬ್ಬಿಣದ ಸ್ಕ್ರೂ, 0.063 ಮಿ.ಮೀ. ದಪ್ಪದ ಎನಾಮಲ್ ತಾಮ್ರದ ತಂತಿ ಸಾಕು. ಎಂಟು ಸಾವಿರ ಸುತ್ತು ಎಂದರೆ ಒಂದು ಕಿಲೋಮೀಟರಿಗೂ ಮೀರಿದ ತಂತಿ, ಆರೇಳು ಸಾವಿರ ಓಮ್ ರೋಧ. ಹೊಲಿಗೆ ಯಂತ್ರದ ಬಾಬಿನ್ ಸುತ್ತುವ ಚಕ್ರವನ್ನೋ ಕೈ ಡ್ರಿಲ್ಲನ್ನೋ ಬಳಸಬಹುದು. ಸುತ್ತು ಎಣಿಸಲು ಹಳೆಯ ಉಪಾಯವೊಂದಿದೆ. ಕ್ಯಾಲ್ಕುಲೇಟರಿನ ಸಮ ಚಿಹ್ನೆಯ ಗುಂಡಿಗೆ ಎರಡು ತಂತಿ ಬೆಸೆದು ರೀಡ್ ಸ್ವಿಚ್ಚಿಗೆ ಕೊಡಿ, ತಿರುಗುವ ಚಕ್ರಕ್ಕೆ ಚಿಕ್ಕ ಅಯಸ್ಕಾಂತ ಅಂಟಿಸಿ, ಒಂದಕ್ಕೆ ಒಂದು ಕೂಡಿಸಲು ಒತ್ತಿಬಿಡಿ. ಪ್ರತಿ ಸುತ್ತಿಗೂ ಅಂಕಿ ಒಂದೊಂದು ಏರುತ್ತದೆ. ಸುತ್ತಿದ್ದನ್ನು ಕರಗಿದ ಮೇಣದಲ್ಲಿ ಅದ್ದಿದರೆ ಸುರುಳಿ ತಾನೇ ಅಲುಗಿ ಕಿರಿಚುವುದು ನಿಲ್ಲುತ್ತದೆ. ಮೇಣವನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟೇ ಕರಗಿಸಿ, ನೇರ ಉರಿಯ ಮೇಲೆ ಬೇಡ. 250 ಕಿಲೋ ಓಮಿನ ಎರಡು ಪೊಟೆನ್ಷಿಯೋಮೀಟರ್, ಒಂದು ಕೆಪಾಸಿಟರ್, ಒಂದು ಜ್ಯಾಕ್, ಇವೆಲ್ಲ ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಪೇಟೆಯಲ್ಲಿ ಬಿಡಿಯಾಗಿ ಸಿಗುತ್ತವೆ.

ಬಾಸ್ ಕಟ್ಟುವವರಿಗೆ ನಮ್ಮ ದೇಶದಲ್ಲಿ ಒಂದು ವಿಶೇಷ ಕಾಟವಿದೆ. ಮನೆಯ ಕರೆಂಟಿನ ಆವರ್ತನ 50 ಹರ್ಟ್ಸ್. ಇ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ 49. ಸುತ್ತಲಿನ ವೈರುಗಳಿಂದ ಪಿಕಪ್ ಹೀರುವ ಗುಂಯ್ ಸದ್ದು ಹೆಚ್ಚುಕಡಿಮೆ ಒಂದು ಸ್ವರದ ಮೇಲೆಯೇ ಕೂರುತ್ತದೆ. ಸೋಸಿ ತೆಗೆಯಲು ಹೋದರೆ ಸಂಗೀತವೂ ಹೋಗುತ್ತದೆ. ಮದ್ದು ಮೂಲದಲ್ಲೇ ಆಗಬೇಕು. ತಂತಿ ಕೂರುವ ಬ್ರಿಜ್ಜನ್ನು, ಅಂದರೆ ಕುದುರೆಯನ್ನು, ಜ್ಯಾಕಿನ ಗ್ರೌಂಡಿಗೆ ಸೇರಿಸಿ; ಒಳಗಿನ ಕುಳಿಗೆ ತಾಮ್ರದ ಹಾಳೆ ಹೊದಿಸಿ ಅದನ್ನೂ ಸೇರಿಸಿ. ಇನ್ನೂ ಒಳ್ಳೆಯದು ಎರಡು ಸುರುಳಿಯ ಪಿಕಪ್: ಒಂದರಲ್ಲಿ ಸುತ್ತಿನ ದಿಕ್ಕೂ ಅಯಸ್ಕಾಂತದ ದಿಕ್ಕೂ ತಿರುವು. ತಂತಿಯ ಸಂಕೇತ ಎರಡರಲ್ಲೂ ಕೂಡಿಕೊಳ್ಳುತ್ತದೆ, ಹೊರಗಿನ ಗುಂಯ್‌ಗುಡುವಿಕೆ ಒಂದನ್ನೊಂದು ಅಳಿಸುತ್ತದೆ. ಫೆಂಡರ್ 1957ರಲ್ಲಿ ಪ್ರಿಸಿಷನ್ ಬಾಸಿಗೆ ಹಾಕಿದ ಸೀಳು ಪಿಕಪ್ಪಿನ ಗುಟ್ಟು ಇದೇ.

ಕುದುರೆಯನ್ನು ಉಕ್ಕಿನ ಎಲ್ ಆಂಗಲ್‌ನಿಂದ ಮಾಡಿಕೊಳ್ಳಬಹುದು, ಆದರೆ ಪ್ರತಿ ತಂತಿಯ ಕೂರುವ ಜಾಗ ಹಿಂದೆಮುಂದೆ ಸರಿಯುವಂತಿರಲಿ. ಬೆರಳು ಒತ್ತಿದಾಗ ತಂತಿ ತುಸು ಹಿಗ್ಗಿ ಸ್ವರ ಏರುತ್ತದೆ. ಅದನ್ನು ಸರಿದೂಗಿಸಲು ಕುದುರೆಯನ್ನು ಕೆಲವು ಮಿ.ಮೀ. ಹಿಂದೆ ಇಡಬೇಕು, ದಪ್ಪ ತಂತಿಗೆ ಹೆಚ್ಚು. ಹನ್ನೆರಡನೇ ಫ್ರೆಟ್ಟಿನಲ್ಲಿ ತಂತಿಯನ್ನು ಬರಿದೇ ಮುಟ್ಟಿ ಬರುವ ಸ್ವರವನ್ನೂ ಒತ್ತಿ ಬರುವ ಸ್ವರವನ್ನೂ ಹೋಲಿಸಿ, ಎರಡೂ ಒಂದಾಗುವವರೆಗೆ ಸರಿಸಿ. ಮೈಯ ಮೇಲಿನ ಕೊಂಬನ್ನು ಹನ್ನೆರಡನೇ ಫ್ರೆಟ್ಟಿನವರೆಗೆ ಚಾಚಿ ಪಟ್ಟಿಯ ಗುಂಡಿಯನ್ನು ಅಲ್ಲಿಡಿ. ಇಲ್ಲವಾದರೆ ಭಾರದ ಬಿರಡೆಗಳಿಂದ ಕತ್ತು ನೆಲಕ್ಕೆ ವಾಲುತ್ತದೆ, ಎಡಗೈ ನುಡಿಸುವುದನ್ನು ಬಿಟ್ಟು ವಾದ್ಯವನ್ನು ಹೊರುತ್ತದೆ.

ಆಂಪ್ಲಿಫೈಯರಿಗೆ ಆತುರ ಬೇಡ. 41 ಹರ್ಟ್ಸ್ ಹೊರಡಿಸಬಲ್ಲ ಸ್ಪೀಕರ್ ದೊಡ್ಡದು, ದುಬಾರಿ. ಆದರೆ ಸಣ್ಣ ಸ್ಪೀಕರಿನಲ್ಲೂ ಇ ತಂತಿ ಇ ಎಂದೇ ಕೇಳುತ್ತದೆ. ತಂತಿಯಿಂದ 82, 124, 165 ಹರ್ಟ್ಸಿನ ಉಪಸ್ವರಗಳೂ ಬರುತ್ತವೆ, ಅವುಗಳ ನಡುವಿನ ಸಮ ಅಂತರದಿಂದ ಮೆದುಳು ಇಲ್ಲದ 41ನ್ನು ತಾನೇ ತುಂಬಿಕೊಳ್ಳುತ್ತದೆ. ಬ್ಯಾಟರಿಯಲ್ಲಿ ನಡೆಯುವ ಹೆಡ್‌ಫೋನ್ ಆಂಪ್ಲಿಫೈಯರೊಂದು ಅಭ್ಯಾಸಕ್ಕೆ ಧಾರಾಳವಾಗಿ ಸಾಲುತ್ತದೆ. ಕರೆಂಟಿಗೆ ನೇರ ಸೇರಿಸುವ ಯಂತ್ರವನ್ನು ಮನೆಯಲ್ಲಿ ಕಟ್ಟುವ ಸಾಹಸ ಮಾತ್ರ ಬೇಡ: ಗ್ರೌಂಡಿಗೆ ಸೇರಿದ ತಂತಿಗಳ ಮೇಲೆ ಸದಾ ಇರುವುದು ನಿಮ್ಮ ಬರಿ ಬೆರಳು.