ನವಿಲುತೀರ್ಥದ ನೀರೂ 1983ರ ಚುನಾವಣೆಯೂ

ರಾಜ್ಯದ ಗವರ್ನರನನ್ನು ಪ್ರಜೆಗಳೇ ಚುನಾಯಿಸುವ ಪದ್ಧತಿಯು ಅಮೆರಿಕದ ಸಂಸ್ಥಾನಗಳಲ್ಲಿ ಉಂಟು. ಭಾರತದ ಸಂವಿಧಾನ ಸಭೆಯೂ ಮೊದಲು ಅದೇ ಮಾರ್ಗವನ್ನು ಆಲೋಚಿಸಿ, 1949ರಲ್ಲಿ ಅದನ್ನು ಕೈಬಿಟ್ಟಿತು. ಆದುದರಿಂದ ಅಧಿಕಾರಾರೂಢನಾದವನು ಮತದಿಂದ ಪದಚ್ಯುತನಾಗುವ ಪ್ರಸಂಗವನ್ನು ಇಲ್ಲಿ ಮುಖ್ಯಮಂತ್ರಿಗಳ ವಿಷಯದಲ್ಲಿಯೇ ನೋಡತಕ್ಕದ್ದು. ಕರ್ನಾಟಕದಲ್ಲಿ ಇದಕ್ಕೆ ಸ್ಪಷ್ಟವಾದ ನಿದರ್ಶನ ಆರ್. ಗುಂಡೂರಾಯರದು. ಆ ಸೋಲಿನ ಬೇರುಗಳಲ್ಲೊಂದು ಸವದತ್ತಿಯ ಸೀಮೆಯಲ್ಲಿದೆ.

ರಟ್ಟರ ಸುಗಂಧವರ್ತಿಯೆಂದು ಶಾಸನಗಳಲ್ಲಿ ಪ್ರಸಿದ್ಧವಾದ ಈ ಸವದತ್ತಿಗೆ ಸಮೀಪದಲ್ಲಿ, ಮಲಪ್ರಭೆಯು ಗುಡ್ಡಗಳನ್ನು ಸೀಳಿಕೊಂಡು ಹೊರಬೀಳುವ ನವಿಲುತೀರ್ಥವೆಂಬ ಕಂದರದಲ್ಲಿ 1972ರ ವೇಳೆಗೆ ಅಣೆಕಟ್ಟು ಪೂರ್ಣವಾಯಿತು. ಕಾಲುವೆಗಳು ನರಗುಂದ, ನವಲಗುಂದಗಳ ಎರೆಯ ಹೊಲಗಳಿಗೆ ಹರಿದವು. ನೀರು ಬಂದರೆ ಭೂಮಿಯ ಬೆಲೆ ಏರುವುದು. ಏರಿದುದರಲ್ಲಿ ಸರಕಾರಕ್ಕೂ ಪಾಲುಂಟು ಎಂಬ ತತ್ತ್ವದ ಮೇಲೆ, ವರ್ಷವರ್ಷದ ನೀರಿನ ಕರವಲ್ಲದೆ, ಅಭಿವೃದ್ಧಿ ಕರವನ್ನೂ ವಿಧಿಸಲಾಯಿತು. ತತ್ತ್ವವು ನ್ಯಾಯವಾದುದೇ, ಆದರೆ ನೀರು ಮುಟ್ಟದ ಹೊಲಗಳಿಗೂ, ನೀರು ನಿಂತು ಕೆಟ್ಟ ಹೊಲಗಳಿಗೂ ಕರದ ಲೆಕ್ಕ ತಪ್ಪಲಿಲ್ಲ. ಅದೇ ಕಾಲಕ್ಕೆ ಹತ್ತಿಯ ಧಾರಣೆಯೂ ಕುಸಿಯಿತು. ಬಾಕಿಯ ವಸೂಲಿಯ ವಿರುದ್ಧ ಎದ್ದ ರೈತರ ಚಳವಳಿಯು 1980ರ ಜುಲೈ 21ರಂದು ನರಗುಂದದಲ್ಲಿ ಗೋಲೀಬಾರಿನಲ್ಲಿಯೂ ಸಾವುನೋವುಗಳಲ್ಲಿಯೂ ಪರ್ಯವಸಾನವಾಯಿತು. ಗುಂಡೂರಾಯರು ಅಧಿಕಾರ ವಹಿಸಿಕೊಂಡು ಆಗಿನ್ನೂ ಆರು ತಿಂಗಳು. ಬಳಿಕ ಸರಕಾರವು ರಿಯಾಯಿತಿಗಳನ್ನು ಸಾರಿತಾದರೂ ರೈತಸಂಘವು ರಾಜ್ಯವ್ಯಾಪಿಯಾಗಿ ಬೆಳೆಯಿತು. 1982ರ ಗೋಕಾಕ್ ಚಳವಳಿಯು ಪಟ್ಟಣಿಗರ ಅಸಮಾಧಾನವನ್ನೂ ಇದಕ್ಕೆ ಕೂಡಿಸಿತು.

1983ರ ಜನವರಿಯ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಜನತಾ ಪಕ್ಷಕ್ಕೆ 95, ಕಾಂಗ್ರೆಸ್ಸಿಗೆ 82, ಭಾರತೀಯ ಜನತಾ ಪಕ್ಷಕ್ಕೆ 18 ದೊರೆತವು. ಮುಖ್ಯಮಂತ್ರಿಗಳು ತಮ್ಮ ಕ್ಷೇತ್ರವಾದ ಸೋಮವಾರಪೇಟೆಯಲ್ಲಿಯೇ ಜನತಾ ಪಕ್ಷದ ಬಿ. ಎ. ಜೀವಿಜಯರಿಗೆ ಸೋತರು. ಆದರೆ ಸೋಮವಾರಪೇಟೆಯು ಕಾಫಿಯ ನಾಡು. ಮಲಪ್ರಭೆಯ ಕರಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ನರಗುಂದದ ಗುಂಡಿನಿಂದಲೇ ಸರಕಾರ ಉರುಳಿತೆಂಬ ಜನಪ್ರಿಯವಾದ ಮಾತನ್ನು ಈ ಕಾರಣದಿಂದ ಅಷ್ಟಕ್ಕಷ್ಟೇ ಒಪ್ಪಬೇಕು. ಒಂದು ತಾಲೂಕಿನ ಲೆಕ್ಕಪತ್ರದ ತಂಟೆಯು ಆಡಳಿತದ ಕಾಠಿಣ್ಯಕ್ಕೆ ರಾಜ್ಯವೆಲ್ಲ ತೋರಿಸಿದ ಉದಾಹರಣೆಯಾಯಿತೆಂಬುದು ಹೆಚ್ಚು ಸಯುಕ್ತಿಕ.

ಜನವರಿ 10ರಂದು ರಾಮಕೃಷ್ಣ ಹೆಗಡೆಯವರು ಕರ್ನಾಟಕದ ಪ್ರಥಮ ಕಾಂಗ್ರೆಸ್ಸೇತರ ಮುಖ್ಯಮಂತ್ರಿಗಳಾದರು. ಗುಂಡೂರಾಯರು 1989ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಆಯ್ಕೆಯಾದರು. ನರಗುಂದದಲ್ಲಿ ಪ್ರತಿವರ್ಷ ಜುಲೈ 21ರಂದು ರೈತ ಹುತಾತ್ಮರ ದಿನಾಚರಣೆಯು ನಡೆದುಬಂದಿದೆ.